ಬಲಕ್ಕೆ ಬಂದ ಬೆಟ್ಟ

ಕಳ್ಳ ಎನ್ನಿಸಿಕೊಂಡವನೇ ಪತ್ತೇದಾರನನ್ನು ಕರೆದೊಯ್ಯಲು ಜೀಪು ತಂದಿದ್ದನ್ನು ಶಾಂತಪ್ಪ ತನ್ನ ಎಪ್ಪತ್ತು ವರ್ಷಗಳಲ್ಲಿ ಅದೇ ಮೊದಲು ನೋಡಿದ್ದು. ಪೊನ್ನಂಪೇಟೆಯಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ ಬಾಗಿಲು ಹಾಕಿದ್ದ ಬೋಜಪ್ಪನನ್ನು ಜನ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಯಾರ ಮನೆಯಲ್ಲಿ ಏನು ಕಾಣೆಯಾದರೂ ಅವನಿಗೇ ಕರೆ. ಒಂದು ಕಾಲಕ್ಕೆ ಎಸ್ಟೇಟ್ ರೈಟರ್ ಆಗಿ ತೋಟದ ಲೆಕ್ಕ ಬರೆಯುತ್ತಿದ್ದ ಶಾಂತಪ್ಪ ಅವನ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದ. ಇಬ್ಬರಿಗೂ ಮಂಡಿನೋವು.

"ನಾನ್ ಮುಟ್ಟಿಲ್ಲ ಸಾರ್, ನನ್ ಮಗಳಾಣೆಗೂ," ಎಂದ ಜೀಪು ತಂದಿದ್ದ ಡ್ರೈವರ್ ಜವರಯ್ಯ. "ಹದಿನೆಂಟು ವರ್ಷ ಆಯ್ತು ಈ ತೋಟಕ್ ಬಂದು. ಕಳ್ಳ ಅನ್ನಿಸ್ಕೊಂಡು ನಮ್ಮೂರು ಕುಶಾಲನಗರಕ್ಕೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ಸಂಜೆ ಒಳಗೆ ಸಿಗದಿದ್ರೆ ಪೊಲೀಸ್ನೋರ ಕರೀತಾರಂತೆ."

"ನಿಧಾನಕ್ಕೆ ಓಡ್ಸು ಮಾರಾಯ," ಎಂದು ಬೋಜಪ್ಪ ಕಣ್ಣು ಮುಚ್ಚಿದ. "ಮೊದಲು ಎಲ್ಲರೂ ಬದುಕಿ ತಲುಪೋಣ."

ಅತಿಥಿಗಳಿಗೂ ಕೋಣೆ ಬಾಡಿಗೆಗೆ ಕೊಡುತ್ತಿದ್ದ ಚೆಟ್ಟಳ್ಳಿಯ ಆ ತೋಟದ ಮನೆಯಲ್ಲಿ ಕಾಣೆಯಾಗಿದ್ದುದು ಬೆಳ್ಳಿ ಒರೆಯ ಪೀಚೆಕತ್ತಿ ಎಂಬ ಕಿರುಗತ್ತಿ. ಮೂರು ತಲೆಮಾರಿನ ಮದುಮಗಂದಿರ ಸೊಂಟದಲ್ಲಿ ಮೆರೆದದ್ದು. ಮನೆಯ ಮಗ ಮೋಕ್ಷಿತನ ಮದುವೆಗೆ ಹನ್ನೆರಡೇ ದಿನ ಉಳಿದಿತ್ತು. ಯಜಮಾನಿ ಸರೋಜ ಅಂದು ಬೆಳಿಗ್ಗೆ ಐದೂವರೆಗೆ ದೀಪ ಹಚ್ಚುವಾಗ ಕತ್ತಿ ಹಜಾರದ ಗೋಡೆಯಲ್ಲಿತ್ತು, ಎಂಟಕ್ಕೆ ಖಾಲಿ ಮೊಳೆ. ನಡುವೆ ಹಜಾರಕ್ಕೆ ಬಂದದ್ದು ಜೀಪಿನ ಕೀಗಾಗಿ ಬಂದ ಜವರಯ್ಯನೊಬ್ಬನೇ ಎಂದು ಅವಳ ಮಾತು.

"ಆಳುಗಳ ಲೈನ್‌ಮನೇಲಿ ಅವನ ಪೆಟ್ಟಿಗೆ ಎಲ್ಲ ತೆಗೆಸಿ ನೋಡ್ದೆ ಬೋಜಣ್ಣ. ಸಿಗ್ಲಿಲ್ಲ."

"ಅತಿಥಿಗಳ ಚೀಲ?"

"ಛೆ! ದುಡ್ಡು ಕೊಟ್ಟು ಉಳ್ಕೊಂಡವರ ಚೀಲ ತಡಕೋದಾ? ಅಲ್ದೆ ಮೂವರೂ ಐದು ಗಂಟೆಗೇ ಒಬ್ಬೊಬ್ರು ಒಂದೊಂದು ಕಡೆ ಫೋಟೋ ತೆಗೆಯೋಕೆ ಹೋಗಿದ್ರು."

ಜವರಯ್ಯ ಬಾಗಿಲಾಚೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ.

ಹೊಳೆ, ಬೆಟ್ಟಗಳ ಚಿತ್ರ ತೆಗೆದು ತಿದ್ದುವುದನ್ನು ಒಟ್ಟಿಗೆ ಅಭ್ಯಾಸ ಮಾಡಲೆಂದು ಆ ಮೂವರು ಮೈಸೂರಿನಿಂದ ಬಂದಿದ್ದರು. ಹಿತ್ತಿಲ ಜಗಲಿಯಲ್ಲಿ ಪುಟ್ಟ ಪ್ರಿಂಟರೊಂದನ್ನು ಇಟ್ಟುಕೊಂಡು, ದಿನದ ಚಿತ್ರವನ್ನು ಅಂದೇ ಕಾಗದಕ್ಕೆ ಇಳಿಸುತ್ತಿದ್ದರು. ಬೋಜಪ್ಪ ಉಸ್ಸೆಂದು ಕುರ್ಚಿಗೆ ಕುಸಿದು, ಬೆಳಗಿನ ಚಿತ್ರಗಳನ್ನು ತರಲು ಹೇಳಿದ.

ವೀಣಾಳ ಚಿತ್ರದಲ್ಲಿ ತೊರೆಯ ನೀರು ಹಾಲಿನಂತೆ ನುಣುಪಾಗಿತ್ತು. ಬೋಜಪ್ಪ ಆಕಾಶದ ಮೂಲೆಯೊಂದನ್ನು ತೋರಿಸಿ, "ಇಲ್ಲಿ ಏನೋ ಅಳಿಸಿದ್ದೀಯಲ್ಲಮ್ಮ," ಎಂದ. ಅವಳ ಮುಖ ಕೆಂಪಾಯಿತು. "ಕರೆಂಟಿನ ತಂತಿ ಸರ್. ಅಂದ ಕೆಡಿಸ್ತಿತ್ತು." ಅಶ್ವಥ್ ಮಂಜಿನ ಬೆಟ್ಟದ ಮೇಲೆ ಬೇರೆ ದಿನದ ಮೋಡ ತಂದು ಕೂರಿಸಿದ್ದ. ಕೇಳಿದ ಕೂಡಲೇ ಒಪ್ಪಿಕೊಂಡ.

ಮೂರನೆಯವರು ಶಿವಪ್ರಕಾಶ್, ಐವತ್ತರ ಆಸುಪಾಸಿನ ಮನುಷ್ಯ. ಅವರ ಚಿತ್ರ ಮಾತ್ರ ನಿಜಕ್ಕೂ ಚೆಂದವಿತ್ತು. ಬಲಗಡೆ ಗೂನುಬೆನ್ನಿನ ಬೆಟ್ಟ, ಅದರ ಹಿಂದೆ ಕೆಂಪು ಸೂರ್ಯ, ಎಡಗಡೆಗೆ ಹರಿದ ಹೊಳೆ. ದಂಡೆಯಲ್ಲಿ ಹೆಂಗಸೊಬ್ಬಳು ಓರೆಯಾಗಿ ಬಗ್ಗಿದ್ದಳು. ಮುಖ ನೆರಳಲ್ಲಿತ್ತು. ಸೀರೆಯ ನೆರಿಗೆ ಬೆನ್ನ ಹಿಂದೆ, ಸೆರಗು ಎಡಭುಜದ ಮೇಲೆ.

"ಕಾರಲ್ಲಿ ಒಂದು ಗಂಟೆ ದಾರಿ. ಜಾಗದ ಹೆಸರು ಗೊತ್ತಿಲ್ಲ. ಸರಿಯಾಗಿ ಆರೂ ಕಾಲಿಗೆ ತೆಗೆದದ್ದು, ಫೈಲಲ್ಲಿ ಟೈಮೂ ಇದೆ," ಎಂದರು ಶಿವಪ್ರಕಾಶ್.

"ಈ ಹೆಂಗಸು?"

"ಯಾರೋ ಊರವರು."

"ಅವಳಿಲ್ಲದಿದ್ರೆ ಬರೀ ನೀರು, ಬೆಟ್ಟ. ಅವಳಿಂದ ಚಿತ್ರಕ್ಕೆ ಜೀವ ಬಂದಿದೆ," ಎಂದ ಬೋಜಪ್ಪ. ಶಿವಪ್ರಕಾಶರ ಮುಖ ಅರಳಿತು. ಕ್ಯಾಮೆರಾ ನಿಲ್ಲಿಸುವ ಅವರ ಟ್ರೈಪಾಡು ಒದ್ದೆಯೆಂದು ಜಗಲಿಗೆ ಒರಗಿ ನಿಂತಿತ್ತು. ಅದರ ಉದ್ದನೆಯ ಚೀಲ ಮಾತ್ರ ಅವರ ಹೆಗಲಿನಿಂದ ಇಳಿದಿರಲಿಲ್ಲ. ಶಾಂತಪ್ಪ ಅದನ್ನು ನೋಡಿದ, ನೋಡಿ ಮರೆತ.

ಬೋಜಪ್ಪ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕಾಫಿ ಕುಡಿದ. ಆಮೇಲೆ ಬೇಸತ್ತ ದನಿಯಲ್ಲಿ, "ಎಲ್ಲರನ್ನೂ ಇಲ್ಲಿಗೇ ಕರಿ ಶಾಂತಪ್ಪ. ಜವರಯ್ಯನೂ ಬರ್ಲಿ, ಅವನಿಗೊಂದು ಕುರ್ಚಿ ಹಾಕು," ಎಂದ.

ಎಲ್ಲರೂ ಕೂತ ಮೇಲೆ ಅವನು ಶುರುಮಾಡಿದ. "ಸ್ಟುಡಿಯೋ ತೆರೆದ ವರ್ಷ ನನ್ನಿಂದ ಒಂದು ಯಡವಟ್ಟು ಆಗಿತ್ತು. ಮದುವೆ ಫೋಟೋದ ನೆಗೆಟಿವ್ ತಿರುಗುಮುರುಗಾಗಿ ಹಾಕಿ ಪ್ರಿಂಟ್ ಹೊಡೆದಿದ್ದೆ. ಮದುಮಗಳ ತಾಯಿ ಬಂದು, ನಮ್ಮ ಹುಡುಗಿ ಸೆರಗನ್ನ ಎಡಕ್ಕೆ ಯಾವಾಗ ಹಾಕಿದ್ಳು ಅಂತ ಪೇಟೆಗೆಲ್ಲ ಕೇಳೋ ಹಾಗೆ ಬೈದಳು. ಆವತ್ತಿನಿಂದ ಯಾವ ಫೋಟೋ ಕಂಡ್ರೂ ನನ್ನ ಕಣ್ಣು ಮೊದಲು ಭುಜಕ್ಕೆ ಹೋಗ್ತದೆ."

ಅವನು ಶಿವಪ್ರಕಾಶರ ಚಿತ್ರ ಎತ್ತಿದ. "ನೆರಿಗೆ ಹಿಂದಕ್ಕೆ ಹಾಕಿ ಉಡೋ ನಮ್ಮ ಹೆಂಗಸರು ಸೆರಗನ್ನ ಬಲಭುಜಕ್ಕೆ ಸಿಕ್ಕಿಸ್ತಾರೆ. ಇಲ್ಲಿ ಎಡಕ್ಕಿದೆ. ಬೇರೆ ಕಡೆಯೆಲ್ಲ ಸೆರಗು ಎಡಕ್ಕೇ ಅಲ್ವಾ? ಅದಕ್ಕೇ ಮೈಸೂರಿನ ಕಣ್ಣಿಗೆ ಇದು ತಪ್ಪು ಅನ್ನಿಸ್ಲೇ ಇಲ್ಲ. ಅಂದ್ರೆ ಈ ಚಿತ್ರವನ್ನ ಎಡಬಲ ತಿರುಗಿಸಿದ್ದಾರೆ."

"ಚಿತ್ರದ ಅಂದಕ್ಕೆ ಎಲ್ಲರೂ ತಿರುಗಿಸ್ತಾರೆ," ಎಂದರು ಶಿವಪ್ರಕಾಶ್.

"ಹೌದು. ತಂತಿ ಅಳಿಸಿದ್ದು, ಮೋಡ ಕೂರಿಸಿದ್ದು ಕಳ್ಳತನವಲ್ಲ. ಕೇಳಿದ ಕೂಡಲೇ ಅವರಿಬ್ಬರೂ ಹೇಳಿದ್ರು. ನೀವು ಯಾಕೆ ಹೇಳ್ಲಿಲ್ಲ ಅನ್ನೋದನ್ನ ಈಗ ನೋಡೋಣ."

ಅವನು ಎದ್ದು, ಕಾಗದವನ್ನು ಹಿಂದುಮುಂದು ಮಾಡಿ ಬಿಸಿಲಿಗೆ ಹಿಡಿದ. ಬೆಳಕು ತೂರಿ ಚಿತ್ರ ಹಿಂಬದಿಯಿಂದ ಕಂಡಿತು. ಬೆಟ್ಟ ಈಗ ಎಡಗಡೆಗೆ ಬಂದಿತ್ತು. ಜಗಲಿಯಿಂದ ಆಚೆ, ತೋಟದ ಕೆಳಗೆ, ಪಡುವಣಕ್ಕೆ ಅದೇ ಗೂನುಬೆನ್ನು, ಅದೇ ಹೊಳೆಯ ತಿರುವು.

"ಅಯ್ಯೋ, ಇದು ನಮ್ಮದೇ ಹೊಳೆ!" ಎಂದಳು ಸರೋಜ. "ಅದು ನಾನೇ! ನಿನ್ನೆ ಸಂಜೆ ಕೆಸುವಿನ ಸೊಪ್ಪು ಕುಯ್ಯೋಕೆ ಇಳಿದಿದ್ದೆ."

"ಆ ಬೆಟ್ಟದ ಹಿಂದೆ ಸೂರ್ಯ ಮುಳುಗ್ತಾನೆಯೇ ಹೊರತು ಹುಟ್ಟಲ್ಲ," ಎಂದ ಬೋಜಪ್ಪ. "ನಿನ್ನೆ ಸಂಜೆಯ ಚಿತ್ರ ಇದು. ತೆಗೆಯೋ ಮುಂಚೇನೇ ಕ್ಯಾಮೆರಾದ ಗಡಿಯಾರ ತಿರುಗಿಸೋದು ಎರಡು ನಿಮಿಷದ ಕೆಲಸ. ಬೆಟ್ಟದ ಗುರುತು ಸಿಗಬಾರದು ಅಂತ ಅದನ್ನೂ ತಿರುಗಿಸಿದ್ರು. ಹೆಂಗಸನ್ನ ಅಳಿಸಿದ್ರೆ ನಾನು ಸೋಲ್ತಿದ್ದೆ. ಆದ್ರೆ ಚೆಂದದ ಚಿತ್ರ ಕೆಡಿಸೋಕೆ ಇವರಿಗೆ ಮನಸ್ಸು ಬರ್ಲಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟಿದ್ದು ನಿಜ, ದೂರ ಹೋಗಿಲ್ಲ. ದೀಪ ಹಚ್ಚಿ ನೀನು ಅಡುಗೆಮನೆ ಸೇರಿದ ಮೇಲೆ ಹಜಾರಕ್ಕೆ ಬಂದಿದ್ದಾರೆ. ಇನ್ನು ಟ್ರೈಪಾಡು ಹೊರಗೆ ಒಣಗ್ತಿರುವಾಗ ಅದರ ಖಾಲಿ ಚೀಲ ಹೆಗಲಲ್ಲಿ ಯಾಕೆ?"

ಅಶ್ವಥನೇ ಎದ್ದು ಚೀಲದ ಜಿಪ್ ಎಳೆದ. ಟವೆಲಿನೊಳಗೆ ಬೆಳ್ಳಿ ಮಿನುಗಿತು. ಹಳೆಯ ಕತ್ತಿಗಳನ್ನು ಕೂಡಿಡುವ ಹುಚ್ಚು ತನಗೆ ಎಂದೇನೋ ಶಿವಪ್ರಕಾಶ್ ಗೊಣಗಿದರು. ಬೋಜಪ್ಪನಿಗೆ ಕೇಳುವ ತಾಳ್ಮೆ ಉಳಿದಿರಲಿಲ್ಲ.

ಸರೋಜ ಕತ್ತಿಯನ್ನು ಎದೆಗವಚಿಕೊಂಡು ಅತ್ತಳು. ಆಮೇಲೆ ಜವರಯ್ಯನ ಕಡೆ ತಿರುಗಿ, "ತಪ್ಪಾಯ್ತು ಜವರಯ್ಯ. ಮನಸ್ಸಲ್ಲಿ ಇಟ್ಕೋಬೇಡ. ಮದುವೆ ದಿಬ್ಬಣದ ಜೀಪು ನೀನೇ ಓಡಿಸ್ಬೇಕು," ಎಂದಳು.

ಜವರಯ್ಯ ಕುರ್ಚಿಯ ತುದಿಯಲ್ಲೇ ಕೂತಿದ್ದ. ನಿಧಾನವಾಗಿ ಎದ್ದು, ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ.

"ಅವ್ರ ಚೀಲ ಬಿಚ್ಚೋಕೆ ಪೊನ್ನಂಪೇಟೆಯಿಂದ ಜನ ಬರಬೇಕಾಯ್ತು ಅಮ್ಮಾವ್ರೇ," ಎಂದ. "ನನ್ ಮಗಳ ಬಟ್ಟೆ ಪೆಟ್ಟಿಗೇನ ಇಡೀ ಲೈನಿನ ಮುಂದೆ ಬಿಚ್ಚಿಸಿದ್ರಿ. ಮೋಕ್ಷಿತಪ್ಪನ ಮದುವೆ ಚೆನ್ನಾಗಾಗ್ಲಿ."

ಸರೋಜ ಕೀಯನ್ನು ಅವನತ್ತ ಸರಿಸಿದಳು, ಅವನು ಮುಟ್ಟದೆ ಜಗಲಿ ಇಳಿದ.

ಜೀಪು ಓಡಿಸುವವರು ಯಾರೂ ಇರಲಿಲ್ಲವಾದ್ದರಿಂದ ಇಬ್ಬರು ಮುದುಕರೂ ಬಸ್ ಸ್ಟಾಪಿನವರೆಗೆ ನಡೆಯಬೇಕಾಯಿತು. ಗೇಟು ದಾಟುವಷ್ಟರಲ್ಲಿ ಜವರಯ್ಯ ಹಿಂದಿನಿಂದ ಬಂದು, ಬೋಜಪ್ಪನ ಕೈಚೀಲ ತೆಗೆದುಕೊಂಡ. ಇಷ್ಟೆಲ್ಲ ಕಂಡುಹಿಡಿದೂ ಅವನ ಕೆಲಸ ಉಳಿಸಲಾಗಲಿಲ್ಲವಲ್ಲ ಎಂದು ಶಾಂತಪ್ಪ ಕೊರಗಿದ. ಮೂವರೂ ಬೋಜಪ್ಪನ ಮಂಡಿಗೆ ತಕ್ಕಂತೆ ನಿಧಾನವಾಗಿ ಏರು ಹತ್ತಿದರು.