ಕೂಗು ನಿಂತ ಗೇಟು

ಬೆಳಿಗ್ಗೆ ಕಸದ ಬಕೆಟ್ಟನ್ನು ಗಾಡಿಗೆ ಸುರಿದು ಬಾಗಿಲು ಮುಚ್ಚಿಕೊಳ್ಳುವ ನೀವು, ಅದನ್ನು ಮುಂದೆ ಯಾರ ಕೈ ಕೆದಕುತ್ತದೆಂದು ಒಂದು ದಿನವಾದರೂ ಕೇಳಿದ್ದೀರಾ? ಕೇಳಿರಲಾರಿರಿ. ಕೆದಕುವ ಆ ಕೈಗಳ ಒಡತಿ ಜಯಾ, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಪ್ರಿಯದರ್ಶಿನಿಯವರ ಮೇಜಿನ ಮುಂದೆ ನಿಂತಳು. ಮಲವಗೊಪ್ಪದಾಚೆಯ ಗೊಬ್ಬರ ಘಟಕದಲ್ಲಿ ಹಸಿ ಕಸ ಆರಿಸುವವಳು. ಏಳು ತಿಂಗಳ ಬಸುರಿ.

“ಗೇಟಿನ ಮಿಷನ್ ಕೂಗ್ತಾ ಇಲ್ಲ, ಮೇಡಂ.”

“ಕೂಗದಿದ್ರೆ ಒಳ್ಳೇದಲ್ವೇನಮ್ಮ?”

“ವಿಕಿರಣ ಇರೋ ಕಸ ಬಂದ್ರೆ ಕೂಗೋ ಮಿಷನ್ ಅದು. ದಿನಾ ಬೆಳಿಗ್ಗೆ ಟೆಸ್ಟಿಗೆ ಅಂತ ಒಂದ್ಸಲ ಕೂಗಿಸ್ತಿದ್ರು. ವಾರದಿಂದ ಅದೂ ಇಲ್ಲ. ಮ್ಯಾನೇಜರಿಗೆ ಹೇಳಿದ್ರೆ, ‘ನಿನ್ ಗಂಡನ ಗೊರಕೆ ಸಾಲ್ದೇನೆ, ಇದೂ ಬೇಕಾ?’ ಅಂತ ನಗ್ತಾರೆ. ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ?”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಗೇಟಿನ ಕಂಬದಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು. ಕೆಂಪು ದೀಪ, ಸೈರನ್ನುಗಳ ತಂತಿಯನ್ನು ಮಾತ್ರ ಕತ್ತರಿಸಿ, ತುದಿಗೆ ನೀಟಾಗಿ ಟೇಪು ಸುತ್ತಲಾಗಿತ್ತು.

“ಹೊರಗಿನವನ ಕೆಲಸ ಅಲ್ಲ ಮೇಡಂ,” ಎಂದರು ಹೆಡ್ ಕಾನ್‌ಸ್ಟೆಬಲ್ ಮಂಜಪ್ಪ. “ಕಳ್ಳ ಟೇಪ್ ಸುತ್ತೋಷ್ಟು ಮರ್ಯಾದಸ್ಥ ಎಲ್ಲಿರ್ತಾನೆ?”

ವಿಕಿರಣ ಸುರಕ್ಷತೆಯ ಅಧಿಕಾರಿ ಮಾಪಕ ಹಿಡಿದು ರಾಶಿಗಳ ನಡುವೆ ನಡೆದರು. ಭದ್ರಾವತಿಯಿಂದ ಬಂದ ಕಸದ ಮುಂದೆ ಅದು ಟಿಕಟಿಕಗುಟ್ಟಿತು. ಕೆದಕಿದಾಗ ಸಿಕ್ಕಿದ್ದು ಉಂಡು ಮಡಚಿದ ಬಾಳೆಲೆಗಳು.

“ಬಾಳೆಲೇಲಿ ವಿಕಿರಣವೇ?” ಎಂದರು ಪ್ರಿಯದರ್ಶಿನಿ.

“ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಸೂಸೋ ಅಯೋಡಿನ್ ಔಷಧ ತಗೊಂಡವರ ಎಂಜಲಿಂದ. ಕೆಲವು ವಾರ ಬೇರೆ ಇಟ್ರೆ ತಾನಾಗಿ ಇಳಿದುಹೋಗುತ್ತೆ.”

ಯಂತ್ರ ಹತ್ತು ದಿನಗಳ ಹಿಂದೆ ವಿನೋಬನಗರದ ಗಾಡಿಗೆ ಕೂಗಿತ್ತೆಂದೂ, ಸಿಬ್ಬಂದಿ ಮಾಪಕ ಹಿಡಿದು ಬೀದಿಯಲ್ಲಿ ಹುಡುಕುತ್ತ ಒಂದು ಮನೆಯ ಮುಂದೆ ನಿಂತಿದ್ದರೆಂದೂ ಚಾಲಕನೊಬ್ಬ ಹೇಳಿದ. ಪ್ರಿಯದರ್ಶಿನಿ ಆ ಮನೆ ಹುಡುಕಿಕೊಂಡು ಹೋದರು. ಬೀಗ ಬಿದ್ದಿತ್ತು. ಮನೆಯೊಡತಿ ಮಹಾಂತಮ್ಮ ಮಹಡಿಯಿಂದ ಇಳಿದು ಬಂದರು.

“ಖಾಲಿ ಮಾಡಿಸ್ದೆ. ಆಯಮ್ಮನ ಮೈಯಿಂದ ಕರೆಂಟ್ ಬರುತ್ತಂತೆ. ಬೀದಿಯೋರೆಲ್ಲ ಅಂದ್ರು.”

“ಡಾಕ್ಟರನ್ನ ಕೇಳಿದ್ರಾ?”

“ಡಾಕ್ಟ್ರೇನು ಈ ಬೀದೀಲಿ ಸಂಸಾರ ಮಾಡ್ತಾರಾ?”

“ಬಾಡಿಗೆಗಿದ್ದವರು ಯಾರು?”

“ಆಯಮ್ಮನ ಗಂಡ ರೇಣುಕಾಪ್ರಸಾದ್. ಅದೇ ಗೊಬ್ಬರದ ಘಟಕದಲ್ಲಿ ಗೇಟ್ ಸೂಪರ್‌ವೈಸರ್ರು. ಈಗ ಭದ್ರಾವತೀಲಿ ಇದಾರಂತೆ.”

ಮಂಗಳವಾರ ಸಂಜೆ ಆರಕ್ಕೆ ಜೀಪು ಭದ್ರಾವತಿ ತಲುಪಿತು. ರೇಣುಕಾಪ್ರಸಾದನೇ ಬಾಗಿಲು ತೆರೆದ. ಒಳಕೋಣೆಯಲ್ಲಿ ಅವನ ಹೆಂಡತಿ ಸುಮನಾ ಎಲೆಯ ಮುಂದೆ ಒಬ್ಬಳೇ ಕುಳಿತಿದ್ದಳು.

“ತಂತಿ ಕತ್ತರಿಸಿದ್ದು ಯಾರು?”

“ನಾನೇ.”

“ಯಾಕೆ?”

“ಮತ್ತೆ ಕೂಗಿದ್ರೆ ಈ ಮನೆ ಮುಂದೇನೂ ಬಂದು ನಿಲ್ತಿದ್ರು. ಇವಳನ್ನ ಕರ್ಕೊಂಡು ಇನ್ನೆಲ್ಲಿಗೆ ಹೋಗ್ಲಿ ಮೇಡಂ?”

“ಎಲೆ ಮನೇಲೇ ಕಟ್ಟಿಡಬಹುದಿತ್ತಲ್ಲ?”

“ಡಾಕ್ಟ್ರು ತಟ್ಟೆ, ಲೋಟ ಬೇರೆ ಇಡಿ ಅಂದ್ರು. ತೊಳೆಯೋದೇ ಬೇಡ ಅಂತ ನಮ್ಮಮ್ಮ ಬಾಳೆಲೆ ಹಾಕ್ಸಿದ್ರು. ಎಂಜಲೆಲೆ ಮನೆಯೊಳಗೆ ಇಟ್ಕೊಳ್ಳೋದು ಉಂಟಾ? ಹಸಿ ಕಸಕ್ಕೆ ಹಾಕಿದ್ವಿ.”

“ಮೊದಲ ಸಲ ಗೊತ್ತಿರಲಿಲ್ಲ, ಸರಿ. ಆಮೇಲೆ?”

ಅವನು ತಲೆ ತಗ್ಗಿಸಿದ. “ಆಮೇಲೆ ಗೊತ್ತಿತ್ತು.”

“ಜಯಾ ಬಸುರಿ ಅನ್ನೋದು?”

“ಬರೋ ವಾರ ಸೀಮಂತ, ಮೇಡಂ. ನಮ್ಮಿಬ್ಬರನ್ನೂ ಕರೆದಿದಾಳೆ.”

ಪ್ರಿಯದರ್ಶಿನಿ ಅವನನ್ನು ಬಂಧಿಸಿದರು. ಸುಮನಾ ಬಾಗಿಲವರೆಗೆ ಬಂದಳು. ಗಂಡನನ್ನು ಮುಟ್ಟಲು ಹೆದರಿ ಅಲ್ಲೇ ನಿಂತಳು.

ಅಪಾಯ ಬಹುಶಃ ಅತ್ಯಲ್ಪವೆಂದು ವಿಕಿರಣ ಸುರಕ್ಷತೆಯ ಅಧಿಕಾರಿ ಜಯಾಳಿಗೆ ತಿಳಿಸಿದರು. ಆ ‘ಬಹುಶಃ’ವನ್ನು ಹೆರಿಗೆಯ ದಿನದವರೆಗೆ ಹೊರಬೇಕಾದವಳು ಅವಳು. ಆರೋಪಪಟ್ಟಿಯಲ್ಲಿ ಇರುವುದು ಒಂದೇ ಹೆಸರು. ರೋಗಿಯೊಬ್ಬಳನ್ನು ಬೀದಿಗಟ್ಟಿದವರ ಹೆಸರು ಬರೆಯಲು ಅದರಲ್ಲಿ ಕಾಲಂ ಇಲ್ಲವೆಂಬುದು ಪ್ರಿಯದರ್ಶಿನಿಯವರಿಗೆ ಗೊತ್ತಿತ್ತು. ಅವನ ಅಪರಾಧವನ್ನು ನ್ಯಾಯಾಲಯ ಅಳೆಯಲಿ; ಆ ಕತ್ತರಿಗೆ ಸಾಣೆ ಹಿಡಿದದ್ದು ನೆರೆಹೊರೆಯ ನಾಲಿಗೆ.

ನಿಮ್ಮ ಮನೆಯಲ್ಲಿ ಇಂಥ ಚಿಕಿತ್ಸೆ ಪಡೆದವರಿದ್ದರೆ, ಅವರ ಎಂಜಲೆಲೆಯನ್ನೂ ಕಸವನ್ನೂ ವೈದ್ಯರು ಹೇಳಿದಷ್ಟು ಕಾಲ ಬೇರೆ ಕಟ್ಟಿಡಿ. ಪಕ್ಕದ ಮನೆಯಲ್ಲಿದ್ದರೆ, ಇಂದೇ ಹೋಗಿ ಅವರ ಬಾಗಿಲು ತಟ್ಟಿ, “ನಾವಿದ್ದೀವಿ, ಎಲ್ಲೂ ಹೋಗಬೇಡಿ” ಎಂದು ಹೇಳಿ ಬನ್ನಿ.