ಗೆರೆಯಾಚೆಯ ಒಲೆ

"ತಗೊಳ್ಳೂಕಿಂತ ಮೊದಲ ಮೋಜಣಿ ಮಾಡ್ಸೋ ತಮ್ಮಾ," ಎಂದಳು ಪಕ್ಕದ ಮನೆಯ ಶೆಟ್ಟೆವ್ವ, ಗಿಡ್ಡ ಗೋಡೆಯ ಮೇಲೆ ಎರಡೂ ಕೈ ಊರಿ. "ಉತಾರದ ಕಾಗದದಾಗ ಹೆಸರಷ್ಟ ಇರತೈತಿ. ಜಾಗಾ ಎಲ್ಲಿಗೆ ಮುಗೀತೈತಿ ಅನ್ನೂದು ಸರಪಳಿ ಹಿಡದ ಮ್ಯಾಲ ಗೊತ್ತಾಗೂದು. ಆ ಹಿಂದಿನ ಖೋಲಿ ಅರ್ಧ ನಮ್ಮ ನೆಲದಾಗೈತಿ. ಅಲ್ಲಿ ನಮ್ಮತ್ತಿ ಮಾಟ ಇಟ್ಟಾಳ."

ಬಸವಲಿಂಗ ನಕ್ಕುಬಿಟ್ಟ. ಬೈಲಹೊಂಗಲದ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೂ ನಿಂತೂ ಅವನ ಕಾಲು ಸೋತಿದ್ದವು. ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಟ್ರಂಕು ಹೊತ್ತು ಹೆಗಲೂ ಸೋತಿತ್ತು. ತೊಂಬತ್ತೇಳರ ಬೇಸಿಗೆಯಲ್ಲಿ, ಕಿತ್ತೂರಿನಲ್ಲಿ, ಅಂತೂ ಇಂತೂ ಸ್ವಂತದ್ದೊಂದು ಮನೆ ಸಿಗುವ ಹೊತ್ತಿಗೆ ಈ ಮುದುಕಿಯ ಪುರಾಣ ಬೇರೆ.

"ನಿಂತ ಗ್ವಾಡಿ ಕಣ್ಣಿಗೆ ಕಾಣತೈತಿ, ಅದನ್ನೇನ ಅಳಸೂದು ಆಯಿ? ನಿಮ್ಮತ್ತಿ ಮಾಟಕ್ಕ ಬೇಕಾದ್ರ ಒಂದು ಅರ್ಧ ಟಿಕೀಟ ಹರದು ಕೊಡ್ತೇನಿ, ಕುಂತಿರಲಿ."

ಮಾರುವವನಾದ ದುಂಡಪ್ಪ ನಗಲಿಲ್ಲ. ಖರೀದಿ ಮುಗಿದ ದಿನ ಮುಂಬಾಗಿಲ ಕೀಲಿಕೈ ಕೊಟ್ಟವನೇ, ಹಿಂದಿನ ಕೋಣೆಯತ್ತ ಕಣ್ಣೆತ್ತಿಯೂ ನೋಡದೆ ನಡೆದುಬಿಟ್ಟ. ಆ ಕೋಣೆಯ ಕೀಲಿ ತುಕ್ಕು ಹಿಡಿದು ಕಲ್ಲಾಗಿತ್ತು. ಜಜ್ಜಿ ಒಡೆದಾಗ ಒಳಗಿನಿಂದ ಆಗಷ್ಟೇ ತೋಡಿದ ಕುಣಿಯ ಹಸಿಮಣ್ಣಿನ ವಾಸನೆ ಬಂತು, ಅಂಥ ಉರಿಬಿಸಿಲಿನಲ್ಲಿ!

ಬಸವಲಿಂಗನ ಹೆಂಡತಿ ಗಂಗಾ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಮದುವೆಯಾದಾಗಿನಿಂದ ಇನ್ನೊಬ್ಬರ ಒಲೆಯ ಮೇಲೆ ಬೇಯಿಸಿದವಳು ಅವಳು. ತಾನೇ ಮಣ್ಣು ತುಳಿದು, ಅಂಗೈಯಿಂದ ಸವರಿ ಸವರಿ, ಆ ಕೋಣೆಯಲ್ಲಿ ಒಲೆ ಹಾಕಿದಳು. ಗೋಡೆಯ ಎತ್ತರದ ಫಳಿಯ ಮೇಲೆ ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. ಮೊದಲ ರೊಟ್ಟಿ ಬೆಂದಾಗ ಅವಳ ಮುಖ ನೋಡಿ ಬಸವಲಿಂಗನಿಗೆ ಅಷ್ಟೂ ವರ್ಷದ ದಣಿವು ಇಳಿದಂತಾಯಿತು.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋದರೆ, ಆ ನೆಲದಡಿಯಿಂದ ಸದ್ದು ಬರುತ್ತಿತ್ತು. ಯಾರೋ ಕಬ್ಬಿಣದ ಸರಪಳಿಯನ್ನು ನಿಧಾನವಾಗಿ ಎಳೆದಂತೆ. ಖಣ್. ತುಸು ಬಿಟ್ಟು ಮತ್ತೆ ಖಣ್. ಹೆಗ್ಗಣವಿರಬೇಕೆಂದು ಬಸವಲಿಂಗ ಕಂದೀಲು ಹಚ್ಚಲು ಏಳುತ್ತಿದ್ದ.

ಮಳೆಗಾಲದಲ್ಲಿ ಒಂದು ಸಂಜೆ ಗಂಗಾ ಕರೆದಳು. "ರೀ, ಆ ಚಾಪುಡಿ ಡಬ್ಬಿ ತಗದು ಕೊಡ್ರಿ."

"ನೀನ ಇಟ್ಟಿದ್ದಿಯಲ್ಲ?"

"ಈಗ ಕೈ ನಿಲಕವಲ್ದು."

ಅವನು ನಕ್ಕು ಡಬ್ಬಿ ಇಳಿಸಿಕೊಟ್ಟ. ಆಮೇಲೆ ಬಳೆಗಳು ಅವಳ ಕೈಯಿಂದ ತಾವಾಗಿಯೇ ಜಾರತೊಡಗಿದವು. ಸೀರೆಯ ಅಂಚು ನೆಲ ಗುಡಿಸತೊಡಗಿತು. ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ಕು ಬರೆದುಕೊಟ್ಟರು. ದೀಪಾವಳಿಯ ಆರತಿಗೆ ಅವಳು ಎದುರು ನಿಂತಾಗ ಬಸವಲಿಂಗ ತಲೆ ಬಗ್ಗಿಸಿ ನೋಡಬೇಕಾಯಿತು. ಅವನ ಕಿವಿಯ ಮಟ್ಟಕ್ಕಿದ್ದ ಹೆಂಡತಿ ಈಗ ಎದೆಮಟ್ಟಕ್ಕೂ ಇರಲಿಲ್ಲ.

"ಹೆದರಿಕಿ ಆಗಾಕ ಹತ್ತೇತ್ರಿ," ಎಂದಳು ಗಂಗಾ. "ಒಲಿ ಮುಂದ ಕುಂತ್ರ ನೆಲ ನನ್ನ ಒಳಗ ಜಗ್ಗತೈತಿ."

ಅವನು ಶೆಟ್ಟೆವ್ವನ ಕಟ್ಟೆಗೆ ಓಡಿದ. ಮುದುಕಿ ಹಂಗಿಸಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವಳು.

"ಎರಡೂ ಮನಿ ನಡುವ ಗಡಿ ಹದ್ದಿನ ಜಗಳ ಇತ್ತು," ಎಂದಳು. "ದುಂಡಪ್ಪನ ಅಪ್ಪ ಹಿರಿಯರ ಮುಂದ ಮಣ್ಣಿನ ಹೆಂಟಿ ತಲಿ ಮ್ಯಾಲ ಹೊತ್ತು, ಆಣಿ ಮಾಡಿ, ಸುಳ್ಳ ಹದ್ದು ನಡದ. ನಮ್ಮತ್ತಿ ಗಡಿಗ್ಯಾಗ ದಾರಾ ಮಂತ್ರಿಸಿ ಹುಗದಳು. ನನ್ನ ನೆಲ ತಿಂದವರನ್ನ ನೆಲ ತಿನ್ಲಿ ಅಂದ್ಳು. ಅಂವಾ ಸಾಯೂ ಮುಂದ ಕೂಸಿನಷ್ಟ ಆಗಿದ್ದ. ದುಂಡಪ್ಪ ಖೋಲಿಗೆ ಕೀಲಿ ಜಡದು ಉಳಕೊಂಡ."

"ಪರಿಹಾರ ಇಲ್ಲೇನು ಆಯಿ?"

"ಐತಿ. ಮೋಜಣಿ ಮಾಡ್ಸು. ನೀನೂ ಮಣ್ಣು ಹೊತ್ತು ಖರೇ ಹದ್ದು ನಡಿ. ಆಚಿಗಿಂದು ಬಿಟ್ಟುಬಿಡು."

ಮೋಜಣಿದಾರರು ಸರಪಳಿ ಹಿಡಿದರು. ಅದರ ಸದ್ದು ಬಸವಲಿಂಗನಿಗೆ ಹೊಸದಾಗಿರಲಿಲ್ಲ. ಗೆರೆ ಅಡುಗೆಕೋಣೆಯ ನಟ್ಟನಡುವೆ ಹಾಯ್ದಿತು. ಅದರ ತುದಿಯಲ್ಲಿ ಅಗೆದಾಗ ಗಡಿಯ ಹಳೆಯ ಬಾಂದಗಲ್ಲು, ಅದರ ಕೆಳಗೆ ಗಡಿಗೆ, ಗಡಿಗೆಯಲ್ಲಿ ಗಂಟು ಗಂಟಾದ ಕರಿದಾರ ಸಿಕ್ಕವು. ನಕ್ಷೆಯಂತೆ ಸುಣ್ಣ ಎಳೆದುಕೊಟ್ಟು ಅವರು ಚಾ ಕೂಡ ಕುಡಿಯದೆ ಹೋದರು.

ಗಂಗಾಳ ಒಲೆ ಗೆರೆಯ ಆಚೆಗಿತ್ತು. ಒಂದೇ ಗೇಣು.

ಹೊತ್ತು ಮುಳುಗಿತು. ಕರೆಂಟು ಹೋಯಿತು. ಶೆಟ್ಟೆವ್ವ ಹಿತ್ತಲ ಬಾಗಿಲಲ್ಲಿ ನಿಂತಳು. ಬಸವಲಿಂಗ ಹೆಂಟೆಯನ್ನು ತಲೆಗೇರಿಸಿ ಗೆರೆಯ ಮೇಲೆ ಕಾಲಿಟ್ಟ. ಕತ್ತಲು. ಹಸಿಮಣ್ಣಿನ ವಾಸನೆ. ಖಣ್. ಹೆಂಟೆ ಭಾರವಾಯಿತು. ಇನ್ನೂ ಭಾರವಾಯಿತು. ಕುತ್ತಿಗೆ ಕುಸಿಯಿತು. ಉಸಿರು ಸಿಕ್ಕಲಿಲ್ಲ. ಖಣ್. ಒಲೆ ಬಂತು. ಆರುತ್ತಿದ್ದ ಕೆಂಡದ ಬೆಳಕಿನಲ್ಲಿ ಗಂಗಾಳ ಅಂಗೈ ಗುರುತುಗಳು ಕಂಡವು. ಮೂಲೆಯಲ್ಲಿ ಅವಳು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

ಅರ್ಧ ಕೋಣೆಯನ್ನೇ ಬಿಟ್ಟುಕೊಟ್ಟೆನಲ್ಲ, ಇದೊಂದು ಒಲೆ ಉಳಿಯಲಿ, ಎಂದುಕೊಂಡ ಬಸವಲಿಂಗ. ಒಂದು ಹೆಜ್ಜೆ ಆಚೆ ಇಟ್ಟ. ಒಲೆಯನ್ನು ತನ್ನ ಭಾಗಕ್ಕೆ ಸೇರಿಸಿ ಬಳಸಿ ನಡೆದ. ಮತ್ತೆ ಗೆರೆಗೆ ಬಂದ.

ಸದ್ದು ನಿಂತುಹೋಯಿತು.

"ಖರೇ ನಡದ್ಯೋ ತಮ್ಮಾ?" ಕತ್ತಲಲ್ಲಿ ಶೆಟ್ಟೆವ್ವ ಕೇಳಿದಳು.

"ನಡದೆ, ಆಯಿ."

ಗಂಗಾ ದಿನೇದಿನೇ ಚೇತರಿಸಿಕೊಂಡಳು. ಬಳೆ ಕೈಯಲ್ಲಿ ನಿಂತವು. ಒಲೆಯನ್ನು ಒಳಗೆ ಮಾಡಿಕೊಂಡು ಹೊಸ ಗೋಡೆ ಎದ್ದಿತು. ಸಂಕ್ರಾಂತಿಯ ಮುಂಜಾನೆ ಅವಳು ತಾನಾಗಿಯೇ ಡಬ್ಬಿ ಇಳಿಸಿದ್ದು ಕಂಡು ಬಸವಲಿಂಗನಿಗೆ ಕಣ್ಣು ತುಂಬಿ ಬಂತು. ಅದೇ ಖುಷಿಯಲ್ಲಿ ಡ್ಯೂಟಿಗೆ ಹೋದ.

ಬೈಲಹೊಂಗಲದ ದಾರಿಯಲ್ಲಿ ಒಬ್ಬ ಮುದುಕ ಇಳಿಯಬೇಕೆಂದ. ಬಸವಲಿಂಗ ಎಂದಿನಂತೆ ಗಂಟೆಯ ಹಗ್ಗಕ್ಕೆ ಕೈಯೆತ್ತಿದ. ಬೆರಳಿಗೆ ಗಾಳಿ ಸಿಕ್ಕಿತು. ತುದಿಗಾಲಲ್ಲಿ ನಿಂತ. ಹಗ್ಗ ಮೇಲೆಯೇ ತೂಗಾಡುತ್ತಿತ್ತು. ತುಂಬಿದ ಬಸ್ಸಿನಲ್ಲಿ ಹಸಿಮಣ್ಣಿನ ವಾಸನೆ ಬಂತು.

"ಕಂಡಕ್ಟರ್ರ, ನಾ ಜಗ್ಗಲೇನ್ರಿ?" ಎಂದ ಮುದುಕ, ನಗುತ್ತ.

ಬಸವಲಿಂಗ ಕೈ ಇಳಿಸಿದ. ಅಂಗಿಯ ತೋಳು ಬೆರಳುಗಳನ್ನು ಮುಚ್ಚಿತ್ತು.

"ಹೂಂ," ಎಂದ. "ನೀವ ಜಗ್ರಿ."