ಬೇಕು ಅನ್ನಲು ಹೆದರಿದವಳು

ಊಟವಾದ ಮೇಲೆ ಒಬ್ಬರು ಗಟ್ಟಿಯಾಗಿ ಕಥೆ ಓದಬೇಕು, ಉಳಿದವರು ಕೇಳುತ್ತ ಹೊಲಿಯಬೇಕು. ಅದು ಆ ಹೊಲಿಗೆ ಕೋಣೆಯ ರೂಢಿ. ಓದುವ ಕೆಲಸ ಕಾಜಾ ಹೊಲಿಯುವ ಹುಡುಗಿಯದು. ಹುಡುಗಿ ಎಂದರೂ ಅವಳು ಗಂಡನನ್ನು ಕಳೆದುಕೊಂಡು, ಅತ್ತೆಯ ಜೊತೆಗೇ ಬದುಕು ನೂಕುತ್ತಿದ್ದವಳು. ಅತ್ತೆಯೂ ಅಲ್ಲೇ, ಎದುರಿನ ಮೇಜಿನಲ್ಲಿ ಗುಂಡಿ ಹೊಲಿಯುತ್ತಿದ್ದಳು.

ಅವಳು ಓದುವಾಗ ಕಟಿಂಗ್ ಮಾಸ್ಟರನ ಕತ್ತರಿ ನಿಧಾನವಾಗುತ್ತಿತ್ತು. ಪುಟ ತಿರುವುವ ನೆಪದಲ್ಲಿ ಅವಳು ಕಣ್ಣೆತ್ತಿದರೆ ಸಾಕು, ಅವನು ಬಟ್ಟೆಯ ಮೇಲಿಲ್ಲದ ಸುಕ್ಕು ತೀಡಲು ಶುರುಮಾಡುತ್ತಿದ್ದ. ಮದುವೆಯಾಗೋಣವೇ ಎಂದು ಅವನು ಕೇಳಿ ಬಹಳ ದಿನವಾಗಿತ್ತು. ಅವಳು ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಬೇಕು ಅನ್ನುವುದಕ್ಕೇ ಅವಳಿಗೆ ಭಯ. ದೂರದ ಊರಿನಲ್ಲಿದ್ದ ಗಂಡನನ್ನು ಬಾ ಬಾ ಎಂದು ಪೀಡಿಸಿ ಕರೆಸಿಕೊಂಡವಳು ಅವಳೇ. ಬರುವ ದಾರಿಯಲ್ಲೇ ಬಸ್ಸು ಉರುಳಿತ್ತು.

ಅಂದು ಕೈಗೆ ಸಿಕ್ಕಿದ್ದು ಹಳೆಯದೊಂದು ದೆವ್ವದ ಕಥೆ. ಕೇಳಿದ್ದನ್ನು ಕೊಡುವ, ಕೊಟ್ಟದ್ದಕ್ಕೆ ಎರಡರಷ್ಟು ಕಿತ್ತುಕೊಳ್ಳುವ ಉಂಗುರ. ಸತ್ತ ಗಂಡ ಮರಳಿ ಬರಲಿ ಎಂದು ಹೆಂಡತಿ ಬೇಡುತ್ತಾಳೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮಿಷನ್ನುಗಳು ಒಂದೊಂದಾಗಿ ನಿಂತವು. ಬಾಗಿಲು ಬಡಿಯುವಲ್ಲಿಗೆ ಬಂದಾಗ ಅವಳು ಓದು ನಿಲ್ಲಿಸಿ ಪುಸ್ತಕವನ್ನು ಮಡಿಲಿಗಿಳಿಸಿದಳು. ಮಾಸ್ಟರ್ ಸದ್ದಿಲ್ಲದೆ ಬಂದು, ಪುಸ್ತಕ ತೆಗೆದುಕೊಂಡು, ಉಳಿದದ್ದನ್ನು ತಾನೇ ಓದಿ ಮುಗಿಸಿದ. ಹೆಂಡತಿ ಬಾಗಿಲು ತೆಗೆಯದೆ ಉಂಗುರವನ್ನು ಒಲೆಗೆ ಎಸೆಯುತ್ತಾಳೆ.

ಎಲ್ಲರ ಮೈ ಜುಮ್ಮೆಂದಿತ್ತು. ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿ ಮಾಮ, ಅಂಥ ಉಂಗುರ ಸಿಕ್ಕರೆ ತನ್ನ ಸೊಂಟನೋವು ಹೋಗಲಿ ಎಂದು ಕೇಳಬೇಕೆಂದಿದ್ದನಂತೆ. ನೋವಿನ ಜೊತೆ ಸೊಂಟವೂ ಹೋದರೆ ಏನು ಗತಿ, ಇದೇ ವಾಸಿ ಎಂದ. ಆ ಹೆಂಡತಿ ಜಾಣೆ ಎಂದರು ಕೆಲವರು. ಕಲ್ಲೆದೆಯವಳು ಎಂದರು ಇನ್ನು ಕೆಲವರು.

“ನಾನಾಗಿದ್ರೆ ತೆಗೀತಿದ್ದೆ,” ಎಂದಳು ಅತ್ತೆ. “ಯಾವ ರೂಪದಲ್ಲಿ ಬಂದಿದ್ರೂ ಸರಿ. ಹೆತ್ತವಳಿಗೆ ಎಂಥ ದೆವ್ವ?”

ದಿನವೂ ದಾರ ಸಿಕ್ಕಾಯಿತೆಂದು ಗೊಣಗುವ ಮುದುಕಿಯೇ ಅವಳು. ಆದರೆ ಆ ಗಳಿಗೆಯಲ್ಲಿ ಅವಳ ಮುಖ ನೋಡಿದವರಿಗೆಲ್ಲ ಎದ್ದು ನಿಲ್ಲಬೇಕೆನಿಸಿತು. ಇಸ್ತ್ರಿ ಮಾಮ ನಿಜಕ್ಕೂ ಎದ್ದು ನಿಂತ.

ಅತ್ತೆ ಸೊಸೆಯತ್ತ ತಿರುಗಿದಳು. “ನೀನು ತೆಗೀಬೇಡಮ್ಮ. ಅವನನ್ನ ನಾನು ನೋಡ್ಕೋತೀನಿ. ಬಾ ಅಂತ ನಾನೂ ಅವನಿಗೆ ದಿನಾ ಹೇಳ್ತಿದ್ದೆ. ನಾವು ಕರೆದಿದ್ದಕ್ಕೆ ಬಸ್ಸು ಉರುಳಲಿಲ್ಲ. ಉರುಳ್ತು, ಅಷ್ಟೇ. ನಿನ್ನ ಬಾಗಿಲಲ್ಲಿ ಬದುಕಿರೋನು ನಿಂತಿದಾನೆ. ಇನ್ನೂ ಎಷ್ಟು ದಿನ ಕಾಯಿಸ್ತೀಯ?”

ಅವಳ ಕಣ್ಣು ತುಂಬಿ ಬಂತು. ತಾನು ಯಾರಿಗೂ ಹೇಳದೆ ಒಳಗೊಳಗೇ ಬೇಯುತ್ತಿದ್ದುದು ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು.

ಮಾಸ್ಟರ್ ಕಿವಿಯವರೆಗೂ ಕೆಂಪಾಗಿದ್ದ. “ನೀವೇನೂ ಕೇಳ್ಕೋಬೇಡಿ,” ಎಂದ ಅವಳಿಗೆ, ಮೆಲ್ಲಗೆ. “ಕೇಳ್ತಿರೋನು ನಾನು. ಅದಕ್ಕೆ ಏನೇ ತೆರಬೇಕಾದ್ರೂ ನನ್ನ ತಲೆ ಮೇಲಿರ್ಲಿ.”

ಅವಳು ಅವನನ್ನು ಮೊದಲ ಸಲ ಯಾವ ನೆಪವೂ ಇಲ್ಲದೆ ನೇರವಾಗಿ ನೋಡಿದಳು. ಭಯವೇನೂ ಹೋಗಿರಲಿಲ್ಲ. ಆದರೂ ಕೈಯನ್ನು ಅವನತ್ತ ಚಾಚಿದಳು.

“ನಿಮ್ಮೊಬ್ಬರ ತಲೆ ಮೇಲೇ ಯಾಕೆ? ನಾನೂ ಕೇಳ್ತೀನಿ,” ಎಂದಳು, ಕೋಣೆಯವರಿಗೆಲ್ಲ ಕೇಳಿಸುವಂತೆ. “ನನಗೆ ನೀವು ಬೇಕು.”